ಒಂದು ಗೇಣು ಕಡಿಮೆ ಬಂದೂಕು

ಬಂದೂಕಿನ ನಳಿಕೆ ಕನಿಷ್ಠ ಎಷ್ಟು ಉದ್ದ ಇರಬೇಕೆಂದು ಕಾನೂನು ಹೇಳುತ್ತದೆ. ಬೀರು ಎಷ್ಟು ಎತ್ತರ ಇರಬೇಕೆಂದು ಹೇಳುವುದಿಲ್ಲ. ಮಾರೇನಹಳ್ಳಿಯ ನಂಜುಂಡಪ್ಪನವರ ತೊಂದರೆ ಶುರುವಾದದ್ದು ಇಲ್ಲಿಂದ.

ಬೆಳೆ ಕಾಯಲು ಪಡೆದ ಬಂದೂಕು ಹೊಸ ಬೀರುವಿನಲ್ಲಿ ಹಿಡಿಸದಿದ್ದಾಗ, ಅವರ ತಂದೆ ಬೀರುವನ್ನು ಬದಲಾಯಿಸದೆ ನಳಿಕೆಯನ್ನೇ ಒಂದು ಗೇಣು ಕುಯ್ಯಿಸಿದರು. ಆಮೇಲೆ ಹೊಲ ಲೇಔಟಾಯಿತು, ಕಾಡುಹಂದಿ ಬರುವುದು ನಿಂತಿತು, ತಂದೆಯೂ ತೀರಿಕೊಂಡರು. ಪರವಾನಗಿ ಮಾತ್ರ ತಪ್ಪದೆ ನವೀಕರಣವಾಗುತ್ತ ಬಂತು. ಬೆಳೆ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ; ಅರ್ಜಿಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ.

ಈ ವರ್ಷ ಪರವಾನಗಿ ಕಚೇರಿಗೆ ಅಳತೆ ಟೇಪು ಮಂಜೂರಾಯಿತು.

"ಇದು ಗಿಡ್ಡ ನಳಿಕೆಯ ಆಯುಧ. ಬಟ್ಟೆಯೊಳಗೆ ಬಚ್ಚಿಡಬಹುದಾದದ್ದು," ಎಂದರು ವಿಷಯ ನಿರ್ವಾಹಕ ಶಶಿಕುಮಾರ್, ಟೇಪನ್ನು ಗೌರವದಿಂದ ಸುತ್ತಿಡುತ್ತ.

"ನಾನು ಪಂಚೆ ಉಡೋನು ಸಾರ್. ಎಲ್ಲಿ ಬಚ್ಚಿಡ್ಲಿ? ಬೇಡವೇ ಬೇಡ, ನೀವೇ ಇಟ್ಕೊಳ್ಳಿ."

"ಆಗಲ್ಲ. ಒಪ್ಪಿಸೋದಾದ್ರೆ ಲೈಸೆನ್ಸ್‌ನಲ್ಲಿ ಬರೆದಿರೋ ಬಂದೂಕು ಒಪ್ಪಿಸ್ಬೇಕು. ಇದು ಅದಲ್ಲ."

"ಅದೇ ಸಾರ್. ಒಂದು ಗೇಣು ಕಮ್ಮಿ, ಅಷ್ಟೆ."

"ಹಾಗಾದ್ರೆ ಆ ಗೇಣೂ ತನ್ನಿ."

"ತರದಿದ್ರೆ?"

"ಜೈಲು. ಊಟ ಅಲ್ಲೇ ಕೊಡ್ತಾರೆ."

ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯ ನಂಜುಂಡಪ್ಪ ಮೂರು ದಿನ ಅಟ್ಟ ಹುಡುಕಿದರು. ಸಿಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಸ್ಥಳ ಪರಿಶೀಲನೆಗೆ ಬಂದ ಶಶಿಕುಮಾರ್ ನೇರ ಹಿತ್ತಲಿಗೆ ನಡೆದರು. ಅಲ್ಲಿ ನಂಜುಂಡಪ್ಪನವರ ಹೆಂಡತಿ ಪಾಪಮ್ಮ ಹಂಡೆ ಒಲೆಯ ಮುಂದೆ ಕೂತು, ತೆಂಗಿನ ಮಟ್ಟೆಗೆ ಬೆಂಕಿ ಹತ್ತಿಸಿ ಕಬ್ಬಿಣದ ಊದುಕೊಳವೆಯಲ್ಲಿ ಊದುತ್ತಿದ್ದರು.

ಶಶಿಕುಮಾರ್ ಹೆಜ್ಜೆ ಹಿಂದಿಟ್ಟರು. "ಅಮ್ಮಾ, ದಯವಿಟ್ಟು ಆಯುಧ ಬಾಯಿಂದ ತೆಗೀರಿ."

"ಯಾವ ಆಯುಧ? ಇದು ನಮ್ಮತ್ತೆ ಕೊಟ್ಟ ಕೊಳವೆ."

ಅಳೆದು ನೋಡಿದರು. ಸರಿಯಾಗಿ ಒಂದು ಗೇಣು.

"ಸದ್ಯ, ಬದುಕಿದೆ!" ಎಂದರು ನಂಜುಂಡಪ್ಪ. "ಎರಡೂ ಎತ್ಕೊಂಡು ಹೋಗಿ ಸಾರ್."

"ಬಂದೂಕು ಎತ್ಕೊಂಡು ಹೋಗ್ಲಿ," ಎಂದರು ಪಾಪಮ್ಮ. "ಕೊಳವೆ ಮುಟ್ಟಿದ್ರೆ ನೋಡಿ. ನಾಳೆ ಯಾರು ಒಲೆ ಊದೋದು, ನೀವು ಊದ್ತೀರಾ?"

"ಗೀಸರ್ ಹಾಕಿಸ್ಕೊಳ್ಳಿ ಅಮ್ಮಾ."

"ಗೀಸರ್ ನೀರು ಮೈಗೆ ಹತ್ತಲ್ಲ."

"ಪಾಪಿ, ನಾನು ಜೈಲಿಗೆ ಹೋಗ್ಬೇಕೇನೇ?"

"ಅಲ್ಲಿ ತಣ್ಣೀರು ಸ್ನಾನ. ಹೋಗೋಕೆ ನಾನು ಬಿಡಲ್ಲ."

ಪಾಪಮ್ಮನವರ ಆಕ್ಷೇಪಣೆಯನ್ನು ಕಡತದಲ್ಲಿ ದಾಖಲಿಸಿ, ಮೇಲಧಿಕಾರಿಗಳು ಕೂಲಂಕಷವಾಗಿ ಚರ್ಚಿಸಿ, ಈ ಕೆಳಕಂಡ ಆದೇಶ ಹೊರಡಿಸಿದರು:

"ಸದರಿ ನಳಿಕೆಯು ಎರಡು ಸ್ಥಳಗಳಲ್ಲಿ ಮುಂದುವರಿದಿದ್ದು, ಒಂದರ ಮುಂದೊಂದು ಇಟ್ಟು ಅಳೆದಾಗ ನಿಗದಿತ ಉದ್ದಕ್ಕೆ ಕೊರತೆ ಕಂಡುಬಂದಿಲ್ಲ. ಹಿಂಭಾಗಕ್ಕೆ ಪತಿಯನ್ನೂ ಮುಂಭಾಗಕ್ಕೆ ಪತ್ನಿಯನ್ನೂ ಜಂಟಿ ಪರವಾನಗಿದಾರರೆಂದು ಪರಿಗಣಿಸಲಾಗಿದೆ. ಎರಡೂ ಭಾಗಗಳು ಒಂದೇ ಮನೆಯಲ್ಲಿ ಇರತಕ್ಕದ್ದು. ಪತ್ನಿಯು ಜಗಳವಾಡಿ ತವರಿಗೆ ಹೋಗುವಾಗ ಕೊಳವೆಯನ್ನು ಒಯ್ಯತಕ್ಕದ್ದಲ್ಲ."

ಜೈಲು ತಪ್ಪಿತು. ನಂಜುಂಡಪ್ಪ ಕಚೇರಿಗೆಲ್ಲ ಮೈಸೂರು ಪಾಕು ಹಂಚಿದರು.

ಅಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು. ನಿಯಮದಂತೆ ಪರವಾನಗಿ ಇರುವ ಆಯುಧಗಳನ್ನೆಲ್ಲ ಠಾಣೆಯಲ್ಲಿ ಇಡಬೇಕು. ನಂಜುಂಡಪ್ಪ ಬಂದೂಕು ಇಟ್ಟರು. ಪಾಪಮ್ಮ ಕೊಳವೆ ಇಟ್ಟು, ರಸೀದಿ ಪಡೆದು, ಕೇಳಿದರು: "ಫಲಿತಾಂಶ ಬರೋವರೆಗೂ ಕೊಳವೆ ಠಾಣೆ ಬಿಟ್ಟು ಹೋಗಬಾರದು, ಅಲ್ವಾ? ಹಂಡೆ ಠಾಣೆಗೆ ಬರಬಾರದು ಅಂತ ಎಲ್ಲಾದ್ರೂ ಇದ್ಯಾ?"

ಇನ್‌ಸ್ಪೆಕ್ಟರು ನಿಯಮಾವಳಿಯನ್ನು ಆದ್ಯಂತ ಓದಿದರು. ಇರಲಿಲ್ಲ.

ಮರುದಿನ ಬೆಳಿಗ್ಗೆ ಹಂಡೆ ಆಟೋದಲ್ಲಿ ಬಂತು. ಠಾಣೆಯ ಹಿಂದಿನ ಅಂಗಳದಲ್ಲಿ, ಸಶಸ್ತ್ರ ಕಾವಲಿನಲ್ಲಿ, ಪಾಪಮ್ಮ ಒಲೆ ಊದಿದರು. ನಂಜುಂಡಪ್ಪ ಮಿಂದರು. ಮೂರನೆಯ ದಿನಕ್ಕೆ ಇನ್‌ಸ್ಪೆಕ್ಟರೂ ಮಿಂದರು, ಭದ್ರತೆಯ ದೃಷ್ಟಿಯಿಂದ. ವಾರದೊಳಗೆ ಠಾಣೆಯ ಎದುರುಮನೆಯ ಕುಸುಮಾ ಬಕೆಟ್ಟು ತಂದರು. ದೂರು ಕೊಡಲು ಬಂದವರೂ ಮೊದಲು ಮುಖ ತೊಳೆದುಕೊಳ್ಳತೊಡಗಿದರು. ಬಿಸಿನೀರು ಬಿದ್ದ ಮೇಲೆ ಅರ್ಧ ದೂರುಗಳು ರಾಜಿಯಾದವೆಂದು ಠಾಣೆಯ ವರದಿ ಹೇಳುತ್ತದೆ.

ಫಲಿತಾಂಶ ಬಂತು. ರಸೀದಿ ಹಿಡಿದು ಬಂದ ಪಾಪಮ್ಮನವರನ್ನು ಹೆಗಲ ಮೇಲೆ ಟವೆಲು ಹಾಕಿಕೊಂಡಿದ್ದ ಕಾನ್‌ಸ್ಟೆಬಲ್ ರೇವಣಸಿದ್ದ ಬಾಗಿಲಲ್ಲೇ ತಡೆದ.

"ಯವ್ವಾ, ಇವತ್ತ ಒಯ್ಯಬೇಕೇನ್ರಿ? ಎಲ್ಲ್ಯಾರ ಮರುಮತದಾನ ಆದೀತು, ತಡೀರಲ್ಲ."

ಪಾಪಮ್ಮ ಅವನ ಹಿಂದೆ ಬಕೆಟ್ಟು ಹಿಡಿದು ನಿಂತ ಸಾಲನ್ನು ನೋಡಿದರು. ಸಾಲಿನ ಕೊನೆಯಲ್ಲಿ ಶಶಿಕುಮಾರ್ ಇದ್ದರು.

"ಅದೂ ಸರಿ," ಎಂದು ಹಿಂದಿನ ಅಂಗಳಕ್ಕೆ ಹೋಗಿ ಒಲೆಗೆ ಇನ್ನೆರಡು ಮಟ್ಟೆ ಹಾಕಿದರು.