ಹಾಸಿಗೆ ಬೀರುವಿನಲ್ಲಿ ಬಂಗಾರದ ಕಿವಿ

"ನಾಳೆ ಸಂಜೆಯೊಳಗೆ ಇಡೀ ಒಸಾಕಾದಲ್ಲಿ ಕಿವಿ ಅಂತ ಇರೋದು ಯಾರಿಗೆ ಅನ್ನೋದು ತೀರ್ಮಾನ ಆಗಿಹೋಗುತ್ತೆ, ನೋಡ್ತಿರು!"

ಶನಿವಾರ ಬೆಳಿಗ್ಗೆ ತಿಂಡಿಯ ಮುಂದೆ ಕೂತು ಕುರಮೊಚಿ ಯಸುಹಿಕೊ ಅವರು ಹೀಗೆಂದು ಘೋಷಿಸಿದಾಗ ಹೆಂಡತಿ ಮಿತ್ಸುಯೊ ತಲೆಯನ್ನೂ ಎತ್ತಲಿಲ್ಲ.

"ಆ ಕಿವಿಗೆ ಆಗಲೇ ಮೂರು ಸಲ ಹೇಳಿದೆ, ಸಾರು ಆರಿಹೋಗ್ತಿದೆ ಅಂತ. ಕೇಳಿಸ್ತಾ?"

ಕೇಳಿಸಿರಲಿಲ್ಲ. ಮಿಸೊ ಸಾರು ತಣ್ಣಗಾಗಿ ಗಸಿ ತಳಕ್ಕೆ ಕೂರುತ್ತಿತ್ತು. ಕುರಮೊಚಿಯವರು ಅದನ್ನು ಹಾಗೇ ಗಟಗಟ ಕುಡಿದು, "ಸಾಧಕರಿಗೆ ಬಿಸಿಯೇನು, ತಂಪೇನು!" ಅಂದರು.

ಐವತ್ತೇಳರ ಈ ಮನುಷ್ಯನನ್ನು ನೋಡಿ ನಗುವ ಮೊದಲು ಅವರ ಸುಸ್ತನ್ನೂ ಸ್ವಲ್ಪ ಕೇಳಿ. ಮೂವತ್ತೆರಡು ವರ್ಷ ಒಂದೇ ರೈಲಿನಲ್ಲಿ, ಒಂದೇ ಬಾಗಿಲ ಪಕ್ಕ ನಿಂತು, ಲಕೋಟೆ ಮಾರುವ ಒಂದೇ ಕಂಪನಿಗೆ ಹೋದವರು. ಐವತ್ತೈದು ತುಂಬಿದ ದಿನ ಕಂಪನಿ ನಿಯಮದ ಪ್ರಕಾರ ಅವರ ವಿಭಾಗಾಧಿಕಾರಿ ಪದವಿಯನ್ನು ಕಳಚಿ, ಹೂಗುಚ್ಛ ಕೊಟ್ಟು, ಮೇಜನ್ನು ಜೆರಾಕ್ಸ್ ಯಂತ್ರದ ಪಕ್ಕಕ್ಕೆ ತಳ್ಳಿತು. ಕೆಲಸ ಅದೇ, ರೈಲೂ ಅದೇ. ಆದರೆ ನಿನ್ನೆಯವರೆಗೆ "ಸಾಹೇಬ್ರೆ" ಅನ್ನುತ್ತಿದ್ದವರೆಲ್ಲ ಮಾರನೆಯ ದಿನದಿಂದ ಎಲ್ಲರಿಗೂ ಅನ್ನುವ ಹಾಗೆ ಬರೀ "ಕುರಮೊಚಿ ಸಾನ್" ಅನ್ನತೊಡಗಿದರು. ಇವರೇ ಕೈಹಿಡಿದು ಲಕೋಟೆ ಕಟ್ಟು ಕಟ್ಟಲು ಕಲಿಸಿದವನು ಈಗ ಇವರ ಸಾಹೇಬ! ಕಂಪನಿ ಪದವಿ ಕಿತ್ತುಕೊಂಡಿತು, ಹೋಗಲಿ. ನಾವು ಬಹುವಚನವನ್ನಾದರೂ ಉಳಿಸೋಣ.

ಅವರಿಗೆ ಉಳಿದಿದ್ದು ಹೆಡ್‌ಫೋನು ಒಂದೇ. ಅದೂ ಎಂಥದ್ದು? ಹಿಂಬದಿ ಮುಚ್ಚಿದ್ದು. ಒಳಗಿನ ಸದ್ದು ಹೊರಗೆ ಹೋಗಬಾರದು, ಹೊರಗಿನದು ಒಳಗೆ ಬರಬಾರದು. ನಮ್ಮ ರೈಲುಗಳಲ್ಲಿ ಕೊಲೆ ಮಾಡಿದವನಿಗಾದರೂ ಪಕ್ಕದಲ್ಲಿ ಜಾಗ ಕೊಟ್ಟಾರು, ಕಿವಿಯಿಂದ ಚಿಸ್ ಚಿಸ್ ಅಂತ ಹಾಡು ಸೋರಿಸುವವನಿಗೆ ಕೊಡುವುದಿಲ್ಲ. ಹಾಗಾಗಿ ಮುಚ್ಚಿದ ಹೆಡ್‌ಫೋನಿನ ಏಳು ಮಂದಿ ಭಕ್ತರು ಸೇರಿ 'ಮುಚ್ಚುಗಿವಿ ಬಳಗ' ಕಟ್ಟಿಕೊಂಡಿದ್ದರು. ತಿಂಗಳಿಗೊಂದು ಭಾನುವಾರ ನಿಪ್ಪೊಂಬಾಶಿಯ ಕಾಫಿ ಅಂಗಡಿಯ ಮಹಡಿಯಲ್ಲಿ ಏಳೂ ಜನ ಕೂತು, ಏಳು ಹೆಡ್‌ಫೋನು ಏರಿಸಿಕೊಂಡು, ಎರಡು ಗಂಟೆ ಒಬ್ಬರಿಗೊಬ್ಬರು ಒಂದು ಮಾತೂ ಆಡದೆ ಇದ್ದು, "ಇವತ್ತು ಬಹಳ ಚೆನ್ನಾಗಿತ್ತು" ಅಂತ ನಡು ಬಗ್ಗಿಸಿ ನಮಸ್ಕರಿಸಿ ಮನೆಗೆ ಹೋಗುತ್ತಿದ್ದರು.

ಬಳಗದ ಅಧ್ಯಕ್ಷರು ಎಪ್ಪತ್ತೆಂಟರ ಉಕಾಯ್ ಅಜ್ಜ. ಅವರು ಮಗಳ ಮನೆಗೆಂದು ಕ್ಯೂಶೂಗೆ ಹೊರಟಿದ್ದರಿಂದ ಕುರ್ಚಿ ಖಾಲಿಯಾಗುವುದಿತ್ತು. ಕುರ್ಚಿಯ ಮೇಲೆ ಇಬ್ಬರ ಕಣ್ಣು: ಒಬ್ಬರು ಕುರಮೊಚಿಯವರು, ಇನ್ನೊಬ್ಬರು ಹಲ್ಲಿನ ಡಾಕ್ಟರು ನಿಶಿವಾಕಿ. ಮುಖ ನೋಡಿಕೊಂಡು ಒಬ್ಬರ ವಿರುದ್ಧ ಮತಕ್ಕೆ ಕೈಯೆತ್ತುವ ಎದೆಗಾರಿಕೆ ಆ ಬಳಗದಲ್ಲಿ ಯಾರಿಗಿದೆ? ಅದಕ್ಕೆ ಉಕಾಯ್ ಅಜ್ಜ ಒಂದು ಉಪಾಯ ಹೂಡಿದರು. ಬಳಗದ ಭಾರೀ ಬೆಲೆಯ ನಾಲ್ಕು ಹೆಡ್‌ಫೋನುಗಳನ್ನು ಇಬ್ಬರೂ ಒಂದೊಂದು ವಾರ ಮನೆಗೊಯ್ದು, ಹೋಲಿಸಿ, ವರದಿ ಬರೆಯುವುದು. ಯಾರ ವರದಿಯಲ್ಲಿ ಕಿವಿ ಕಾಣುತ್ತದೋ ಅವರಿಗೆ ಕುರ್ಚಿ.

ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಕುರಮೊಚಿಯವರು ಗುಟ್ಟಾಗಿ ನೂರು ವಿಸಿಟಿಂಗ್ ಕಾರ್ಡು ಅಚ್ಚು ಹಾಕಿಸಿಯೂ ಬಿಟ್ಟಿದ್ದರು: 'ಕುರಮೊಚಿ ಯಸುಹಿಕೊ, ಅಧ್ಯಕ್ಷ, ಮುಚ್ಚುಗಿವಿ ಬಳಗ.' ಎರಡು ವರ್ಷದಿಂದ ಬರೀ ಹೆಸರಿನ ಕಾರ್ಡು ಕೊಟ್ಟೂ ಕೊಟ್ಟೂ ಅವರಿಗೆ ಸಾಕಾಗಿತ್ತು.

ಇನ್ನು ಹೋಲಿಕೆಗೆ ನಿಶ್ಶಬ್ದ ಬೇಕಲ್ಲ! ಮೇಲಿನ ಮನೆಯ ಮಗು ಬೆಳಗಿನಿಂದ ಕುಣಿಯುತ್ತಿತ್ತು, ಕೆಳಗೆ ಹಳೇ ಸಾಮಾನಿನ ಲಾರಿ ಕೂಗುತ್ತಿತ್ತು.

"ಹಾಸಿಗೆ ಬೀರು ಖಾಲಿ ಮಾಡಿಕೊಡೇ, ಅದರೊಳಗೆ ಕೂತ್ಕೋತೀನಿ."

"ಹೇಗೂ ಬಿಸಿಲು ಬಿದ್ದಿದೆ, ಹಾಸಿಗೆ ಎಲ್ಲಾ ಹೊರಗೆ ಹಾಕೋದೇ ಇತ್ತು. ಕೂತ್ಕೊಳ್ಳಿ. ಊಟಕ್ಕೆ ಕರೆದ್ರೆ ಬರ್ತೀರೋ, ಅಲ್ಲೇ ನೈವೇದ್ಯ ಇಡ್ಲೋ?"

"ತಪಸ್ಸಿಗೆ ಕೂತವರನ್ನ ಕರೀಬಾರದು. ಅವರೇ ಬರ್ತಾರೆ."

ಹೀಗೆ ಲಕೋಟೆ ಕಂಪನಿಯ ಮಾಜಿ ವಿಭಾಗಾಧಿಕಾರಿಗಳು, ಹಗಲು ಹಾಸಿಗೆ ಮಡಚಿಡುವ ಆ ಗೋಡೆ ಬೀರುವಿನ ಕೆಳ ಅಂತಸ್ತಿಗೆ ಪಾದಾರ್ಪಣೆ ಮಾಡಿದರು. ಮಂಡಿ ಗದ್ದಕ್ಕೆ ತಾಗಿತು, ತಲೆ ಹಲಗೆಗೆ ತಾಗಿತು. ಒಂದು ಟಾರ್ಚು, ಒಂದು ನೋಟ್‌ಬುಕ್ಕು, ನಾಲ್ಕು ಹೆಡ್‌ಫೋನು. ಜಾರುಬಾಗಿಲು ಎಳೆದುಕೊಂಡರು. ಇಪ್ಪತ್ತು ವರ್ಷದಿಂದ ಕೇಳುತ್ತಿದ್ದ ಒಂಟಿ ಸೆಲ್ಲೊ ವಾದನವೊಂದನ್ನೇ ನಾಲ್ಕರಲ್ಲೂ ತಿರುಗಿಸಿ ತಿರುಗಿಸಿ ಕೇಳುವುದು ಅವರ ಯೋಜನೆ. ಕಚೇರಿ ಅಭ್ಯಾಸ ನೋಡಿ, ಗಂಟೆ ನಿಮಿಷ ಹಾಕದೆ ಒಂದಕ್ಷರ ಬರೆಯುವ ಜೀವವಲ್ಲ ಅದು.

ಮೊದಲನೆಯದು ಹಲ್ಲಿನ ಡಾಕ್ಟರದು. 'ಹತ್ತು ಇಪ್ಪತ್ತು. ಸೆಲ್ಲೊ ಇದೆ. ಬೇರೇನಿಲ್ಲ. ಸಪ್ಪೆ.' ಬರೆಯುವಾಗ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು.

ಎರಡನೆಯದು ಉಕಾಯ್ ಅಜ್ಜನ ಕೆಂಪು ಹೆಡ್‌ಫೋನು. ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಧಬ್. ಧಬ್. ಧಬ್! ಕುರಮೊಚಿಯವರಿಗೆ ರೋಮಾಂಚನವಾಯಿತು. ಇಪ್ಪತ್ತು ವರ್ಷ ಕೇಳಿದ ಸಂಗೀತದಲ್ಲಿ ಒಂದು ಢೋಲು ಅಡಗಿತ್ತೇ! 'ಹನ್ನೊಂದು ಹತ್ತು. ಪಾತಾಳದಿಂದ ಎದ್ದು ಬರುವ ಢೋಲು. ಬಾರಿಸುವವರ ಕೈಯಲ್ಲಿ ಏನೋ ಒಂದು ಕೋಪವಿದೆ.'

ಮೂರನೆಯದು ಬಳಗದ ಇನ್ನೊಬ್ಬ ಸದಸ್ಯರಾದ ತೋಫು ಅಂಗಡಿಯವರ ಮರದ ಹೆಡ್‌ಫೋನು. 'ಹನ್ನೆರಡೂವರೆ. ಬಹು ದೂರದಲ್ಲಿ ದೇವಲೋಕದ ಪುಟ್ಟ ಗಂಟೆಗಳು. ಏನೋ ಶುಭವಾಯಿತು ಅನ್ನುವ ಹಾಗೆ ನಿಲ್ಲುತ್ತವೆ.'

ಊಟಕ್ಕೆ ಹೋಗಿ ಬಂದು ಮತ್ತೆ ಒಳಗೆ ಮಡಚಿಕೊಂಡವರಿಗೆ ನಿದ್ದೆ ಹತ್ತಿತು. ಮೂವತ್ತೆರಡು ವರ್ಷದ ನಿದ್ದೆ ಬಾಕಿಯಿತ್ತು, ಕತ್ತಲೆಯಲ್ಲಿ ಕೂತರೆ ಬಿಡುತ್ತದೆಯೇ? ಎದ್ದು ನಾಲ್ಕನೆಯದನ್ನು, ಅಂದರೆ ತಮ್ಮದೇ ಹೆಡ್‌ಫೋನನ್ನು, ಏರಿಸಿಕೊಂಡಾಗ ಸಂಜೆಯಾಗಿತ್ತು. 'ಐದು ಗಂಟೆ ಸರಿಯಾಗಿ. ಸೆಲ್ಲೊದ ಹಿಂದೆ, ಎಡಗಡೆ, ಒಬ್ಬ ಹೆಂಗಸು ಏನನ್ನೋ ವಿನಯದಿಂದ ಹೇಳುತ್ತಾಳೆ. ಯಾರಿಗೆ ಹೇಳುತ್ತಾಳೋ ಅವನು ಪುಣ್ಯವಂತ. ಕಣ್ಣು ತೇವವಾಯಿತು.'

ಬೀರುವಿನಿಂದ ಅವರು ಅಂಬೆಗಾಲಿಟ್ಟು ಹೊರಬಂದರು. ಕಾಲು ಎರಡೂ ಜೋಮು ಹಿಡಿದಿದ್ದವು.

"ಗೆದ್ದೆ ಕಣೇ!"

"ಗೆದ್ದೋರು ಹೀಗೆ ತೆವಳ್ತಾರಾ? ಸ್ನಾನದ ನೀರು ಕಾದಿದೆ, ಹೋಗಿ."

ಭಾನುವಾರ ಬಂತು. ಕಾಫಿ ಅಂಗಡಿಯ ಮಹಡಿಯಲ್ಲಿ ಮೊದಲು ನಿಶಿವಾಕಿ ಡಾಕ್ಟರು ಎದ್ದು ವರದಿ ಓದಿದರು. "ನಾಲ್ಕೂ ತಮ್ಮ ತಮ್ಮ ರೀತಿಯಲ್ಲಿ ಚೆನ್ನಾಗಿವೆ. ವ್ಯತ್ಯಾಸ ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ." ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಆ ಡಾಕ್ಟರದು ಎತ್ತಿದ ಕೈ. ಎಲ್ಲರೂ ಮೆಲ್ಲಗೆ ಚಪ್ಪಾಳೆ ತಟ್ಟಿದರು.

ಆಮೇಲೆ ಕುರಮೊಚಿಯವರು ಎದ್ದರು. ಢೋಲು ಓದಿದರು, ಗಂಟೆ ಓದಿದರು. ಆ ಹೆಂಗಸಿನ ಭಾಗವನ್ನು ಎರಡೆರಡು ಸಲ ಓದಿದರು.

ಉಕಾಯ್ ಅಜ್ಜ ತಮ್ಮ ಕೆಂಪು ಹೆಡ್‌ಫೋನು ಏರಿಸಿಕೊಂಡು ಅದೇ ಸೆಲ್ಲೊ ಕೇಳಿದರು. ಒಂದು ನಿಮಿಷ ಕಣ್ಣು ಮುಚ್ಚಿದರು. ಕೇಳಿಸಲಿಲ್ಲ ಅಂತ ಮುಖದ ಮೇಲೆ ಹೇಳುವುದುಂಟೇ? "ಹೂಂ... ಇದೆ. ಢೋಲು ಇದೆ."

ತೋಫು ಅಂಗಡಿಯವರು ಗಂಟೆ ಹುಡುಕಿದರು. "ಇದೆ, ಇದೆ! ಅಯ್ಯೋ, ಇಷ್ಟು ದಿನ ನನ್ನ ಕಿವೀಗೇನಾಗಿತ್ತು?"

ಡಾಕ್ಟರು ಕೂಡ ಹೆಂಗಸಿನ ದನಿ ಕೇಳಿ ತಲೆದೂಗಿ, "ಕುರಮೊಚಿಯವರೇ, ನಾನು ಸೋತೆ" ಅಂದುಬಿಟ್ಟರು. ಕುರಮೊಚಿಯವರಿಗೆ ಎರಡು ವರ್ಷದ ಸುಸ್ತು ಒಂದೇ ಏಟಿಗೆ ಇಳಿದು ಹೋಯಿತು. ತಡೆಯಲಾರದೆ ಜೇಬಿಗೆ ಕೈ ಹಾಕಿ, ಎರಡೂ ಕೈಯಿಂದ, ನಡು ಬಗ್ಗಿಸಿ, ಎಲ್ಲರಿಗೂ ಒಂದೊಂದು ಕಾರ್ಡು ಹಂಚಿದರು.

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದಳು ಮಿತ್ಸುಯೊ. ಕೈಯಲ್ಲಿ ಸಿಹಿ ಡಬ್ಬಿ.

"ಕ್ಷಮಿಸಿ, ನಡುವೆ ಬಂದೆ. ಅಜ್ಜನ ಬೀಳ್ಕೊಡುಗೆಗೆ ಅಂತ ತಂದ ಸಿಹಿಯನ್ನ ನಮ್ಮೋರು ಬಾಗಿಲಲ್ಲೇ ಬಿಟ್ಟು ಬಂದಿದ್ರು. ಹಿಂದಿನಿಂದ ಕೂಗಿದೆ, ಕಿವಿ ಮುಚ್ಚಿತ್ತು."

ಉಕಾಯ್ ಅಜ್ಜ ಕುರ್ಚಿ ಎಳೆದು ಕೂರಿಸಿದರು. "ಕೂತ್ಕೊಳ್ಳಮ್ಮ. ನಿನ್ನ ಯಜಮಾನರ ವರದಿ ಓದು. ಇಂಥಾ ಕಿವಿಯ ಜೊತೆ ಸಂಸಾರ ಮಾಡಿದೀಯ, ಭಾಗ್ಯವಂತೆ!"

ಮಿತ್ಸುಯೊ ಕನ್ನಡಕ ಹಾಕಿಕೊಂಡು ಓದಿದಳು. ಹುಬ್ಬು ಗಂಟಾಯಿತು.

"ರೀ, ಈ ಹನ್ನೊಂದು ಹತ್ತು ಅಂದ್ರೆ ನಿನ್ನೇದಾ?"

"ನಿನ್ನೇದೇ. ನಿಮಿಷ ತಪ್ಪಲ್ಲ ನಾನು!" ಅಂದರು ಕುರಮೊಚಿಯವರು, ಎದೆಯುಬ್ಬಿಸಿ.

"ಅದು ನಾನು ಹಾಸಿಗೆ ಬಡಿದದ್ದು."

ಯಾರೋ ಕಾಫಿ ಚಮಚ ಬೀಳಿಸಿದರು.

"ಬೀರು ಗೋಡೆಯ ಆಚೆಗೇ ಬಾಲ್ಕನಿ ಅಲ್ವೇನ್ರೀ? ಕೈಯಲ್ಲಿ ಕೋಪ ಇದೆ ಅಂತ ಬರೆದಿದೀರಲ್ಲ, ಅದೊಂದು ಮಾತ್ರ ಸರಿಯಾಗಿ ಕೇಳಿಸ್ಕೊಂಡಿದೀರಿ. ಹನ್ನೆರಡೂವರೆಗೆ ಅನ್ನ ಆಯ್ತು ಅಂತ ಹಾಡಿದ್ದು ನಮ್ಮ ಕರೆಂಟ್ ಕುಕ್ಕರು."

"ನಮ್ಮನೆ ಕುಕ್ಕರ್ ಹಾಡುತ್ತಾ?"

"ಹನ್ನೆರಡು ವರ್ಷದಿಂದ ದಿನಾ ಹಾಡ್ತಿದೆ. ನೀವು ಅಡುಗೆಮನೆಗೆ ಯಾವತ್ತು ಕಾಲಿಟ್ಟಿದೀರಿ?"

"ಮತ್ತೆ... ಆ ಹೆಂಗಸು?" ತೋಫು ಅಂಗಡಿಯವರು ಅಳುಕುತ್ತಾ ಕೇಳಿದರು.

"ಸ್ನಾನದ ನೀರು ಕಾದಿದೆ ಅಂತ ಅಡುಗೆಮನೆ ಗೋಡೆ ಮೇಲಿನ ಗೀಸರ್ ಪೆಟ್ಟಿಗೆಯೊಳಗಿಂದ ಹೇಳ್ತಾಳಲ್ಲ, ಅವಳೇ. ನಿಮ್ಮೆಲ್ಲರ ಮನೇಲೂ ಇದ್ದಾಳೆ."

ಏಳು ಗಂಡಸರು ಪರಸ್ಪರ ಮುಖ ನೋಡಿಕೊಂಡರು. ಒಬ್ಬರೂ ತಮ್ಮ ಮನೆಯಲ್ಲಿ ಅವಳ ದನಿ ಕೇಳಿದವರಲ್ಲ. ಸ್ನಾನಕ್ಕೆ ಕರೆಯುವುದು ಹೆಂಡತಿಯ ಕೆಲಸ, ಹೋಗಿ ಮುಳುಗುವುದು ಇವರದು.

ಇಷ್ಟಕ್ಕೇ ಮುಗಿದಿದ್ದರೆ ಕುರಮೊಚಿಯವರೊಬ್ಬರೇ ಇಂಗು ತಿಂದ ಮಂಗನಾಗುತ್ತಿದ್ದರು. ಮಿತ್ಸುಯೊ ಪಾಪ, ತಿಳಿಯದೆ ಇನ್ನೊಂದು ಪ್ರಶ್ನೆ ಕೇಳಿಬಿಟ್ಟಳು. "ಮೇಲೆ ಕಾಫಿ ಕೊಟ್ಟು ಇಳಿದ ಅಂಗಡಿಯೋರು ಹೇಳಿದ್ರು, ನೀವೆಲ್ಲಾ ಈಗ ಇಲ್ಲೂ ಢೋಲು ಕೇಳಿದ್ರಂತೆ? ಇಲ್ಲಿ ಯಾರು ಬಡಿದ್ರು?"

ಏಳೂ ತಲೆ ಕಾಫಿ ಲೋಟದೊಳಗೆ ಇಳಿದವು. ಕೊನೆಗೆ ಉಕಾಯ್ ಅಜ್ಜ ತಮ್ಮ ಕೆಂಪು ಹೆಡ್‌ಫೋನನ್ನು ಆಕೆಯ ಮುಂದೆ ಸರಿಸಿದರು. "ನೀನೇ ಕೇಳಿ ಹೇಳಮ್ಮ."

ಮಿತ್ಸುಯೊ ಹಾಕಿಕೊಂಡು ಅರ್ಧ ನಿಮಿಷ ಕೇಳಿದಳು. "ಒಂದು ದಪ್ಪ ಪಿಟೀಲು. ಅಷ್ಟೇ. ಆದ್ರೆ ಎಡಗಡೆ ತೆಳ್ಳಗೆ ಕೇಳುತ್ತಲ್ಲ, ಈ ಮೆತ್ತೆ ಸರಿಯಾಗಿ ಕೂತಿಲ್ಲ ಅಜ್ಜಾ. ಸದ್ದು ಸೋರ್ತಿದೆ."

ಅಜ್ಜ ಬೆರಳಿನಿಂದ ಒತ್ತಿ ನೋಡಿದರು. ಮೆತ್ತೆ ಟಕ್ಕೆಂದು ಕೂತಿತು! ಅಂದರೆ ಬಳಗದ ಅಧ್ಯಕ್ಷರು ಎಷ್ಟೋ ತಿಂಗಳಿಂದ ರೈಲಿನಲ್ಲಿ ಚಿಸ್ ಚಿಸ್ ಅನ್ನಿಸುತ್ತಾ ಓಡಾಡಿದ್ದರು. ಅಜ್ಜನ ಮುಖ ಹೆಡ್‌ಫೋನಿಗಿಂತ ಕೆಂಪಾಯಿತು. ಆಮೇಲೆ ಅವರೇ ಮೊದಲು ನಕ್ಕರು.

"ಇಲ್ಲದ್ದನ್ನ ಇಲ್ಲ, ಇದ್ದದ್ದನ್ನ ಇದೆ ಅಂದ ಕಿವಿ ಈ ಮಹಡೀಲಿ ಒಂದೇ. ಅಧ್ಯಕ್ಷತೆ ನೀನೇ ತಗೋಬೇಕಮ್ಮ."

"ಅಯ್ಯೋ, ನನಗ್ಯಾಕೆ!" ಅಂದಳು ಮಿತ್ಸುಯೊ. ಎರಡನೇ ಸಲ ಕೇಳಿದಾಗಲೂ ಬೇಡವೆಂದಳು. ಮೂರನೇ ಸಲಕ್ಕೂ ಬೇಡವೆಂದರೆ ಮರ್ಯಾದೆಯಲ್ಲ, "ಅಷ್ಟು ಹೇಳಿದ ಮೇಲೆ..." ಅಂದಳು. ಆಮೇಲೆ ಮೇಜಿನ ಮೇಲಿದ್ದ ಕಾರ್ಡನ್ನು ಎತ್ತಿ ನೋಡಿ ಗಂಡನ ಕಡೆ ತಿರುಗಿದಳು.

"ಇವು ಎಷ್ಟಿವೆ?"

"ನೂರು," ಅಂದರು ಕುರಮೊಚಿಯವರು, ನೆಲ ನೋಡುತ್ತಾ.

"ದಂಡ ಆಗೋದು ಬೇಡ. ಮನೆತನದ ಹೆಸರು ಒಂದೇ ತಾನೇ? ಮುಂದಿನ ಹೆಸರು ನಾನು ಪೆನ್ನಲ್ಲಿ ತಿದ್ಕೋತೀನಿ."

ವಾಪಸು ರೈಲಿನಲ್ಲಿ ಕುರಮೊಚಿಯವರು ಹೆಡ್‌ಫೋನು ಹಾಕಿಕೊಳ್ಳಲಿಲ್ಲ. ಎರಡು ನಿಲ್ದಾಣ ಹೋದ ಮೇಲೆ ಮಿತ್ಸುಯೊ ಮೆಲ್ಲಗೆ ಕೇಳಿದಳು. "ಅಷ್ಟು ಆಸೆ ಇತ್ತೇನ್ರೀ ಆ ಕುರ್ಚಿ ಮೇಲೆ?"

"ಕುರ್ಚಿ ತಗೊಂಡು ಏನು ಮಾಡ್ಲಿ? ಯಾರಾದ್ರೂ ನನ್ನನ್ನ ಏನಾದ್ರೂ ಅಂತ ಕರೀಲಿ ಅಂತ ಇತ್ತು. ಆಫೀಸಲ್ಲಿ ಈಗ ಬರೀ ಹೆಸರು. ಬೇಜಾರಾಗುತ್ತೆ ಕಣೇ."

"ನಾನು ಮೂವತ್ತು ವರ್ಷದಿಂದ 'ರೀ' ಅಂತಿದೀನಿ. ಅದು ಕೇಳಿಸಿದ್ರೆ ತಾನೇ!" ಅಂದಳು ಆಕೆ. ಆದರೆ ನಿಲ್ದಾಣ ಬರುವವರೆಗೂ ಅವರ ತೋಳು ಹಿಡಿದೇ ಇದ್ದಳು.

ಮುಂದಿನ ಶನಿವಾರವೂ ಒಳ್ಳೆಯ ಬಿಸಿಲು. ನಾಲ್ಕೂ ಹೆಡ್‌ಫೋನುಗಳನ್ನು ಹೊಸದಾಗಿ ಹೋಲಿಸಿ ವರದಿ ಒಪ್ಪಿಸುವ ಹೊಣೆ ಈಗ ಅಧ್ಯಕ್ಷರದು. ಹಾಸಿಗೆ ಬೀರುವಿನ ಒಳಗೆ ಟಾರ್ಚು, ನೋಟ್‌ಬುಕ್ಕು ಸಮೇತ ಅಧ್ಯಕ್ಷೆ ಮಿತ್ಸುಯೊ ಅವರು; ಇನ್ನು ಮೇಲೆ ಅವರಿಗೂ ಬಹುವಚನ. ಗೋಡೆಯಾಚೆ, ಬಾಲ್ಕನಿಯಲ್ಲಿ, ತಲೆಗೆ ಟವೆಲ್ ಕಟ್ಟಿ ಹಾಸಿಗೆ ಬಡಿಯುತ್ತಾ ಬೆವರು ಒರೆಸಿಕೊಳ್ಳುತ್ತಿದ್ದವರು ಮಾಜಿ ವಿಭಾಗಾಧಿಕಾರಿಗಳು. ಹತ್ತು ಏಟಿಗೇ ತೋಳು ಬಿದ್ದುಹೋಗುವಷ್ಟು ಸುಸ್ತು.

ಒಳಗೆ ಬಂದು ನೀರು ಕುಡಿಯುವಾಗ ಬೀರುವಿನ ಬಾಗಿಲ ಸಂದಿಯಿಂದ ನೋಟ್‌ಬುಕ್ಕು ಕಂಡಿತು. ಮುದ್ದಾದ ಅಕ್ಷರದಲ್ಲಿ ಬರೆದಿತ್ತು:

'ಹನ್ನೊಂದು ಹತ್ತು. ಢೋಲು ಬರುತ್ತಿದೆ. ತಾಳ ತಪ್ಪಿದೆ. ಬಾರಿಸುವವರು ಹೊಸಬರು, ಇನ್ನೂ ಮೂವತ್ತು ವರ್ಷ ಅಭ್ಯಾಸ ಬೇಕು.'