ಗಗನಯಾತ್ರಿಯ ಎಂಜಲು ಮತ್ತು ಮದುವೆಯ ಸಂಡಿಗೆ

ಆಕಾಶದಲ್ಲಿ ಸುತ್ತುವವನು ಏನನ್ನು ಕೆಳಕ್ಕೆ ಎಸೆದರೂ ಅದು ನೇರ ಭೂಮಿಗೇ ಬೀಳುತ್ತದೆ ಎಂದು ಆಗ ಒಂಟಿಕೊಪ್ಪಲಿನಲ್ಲಿ ಎಲ್ಲರೂ ನಂಬಿದ್ದರು. ರಷ್ಯಾದವನೊಬ್ಬ ಮನುಷ್ಯರಲ್ಲೇ ಮೊದಲಿಗನಾಗಿ ಭೂಮಿಯನ್ನು ಸುತ್ತಿಬಂದ ವರ್ಷ ಅದು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ತಪ್ಪಿಗೆ ಇಂಥ ತಕರಾರುಗಳೆಲ್ಲ ನನ್ನ ಬಾಗಿಲಿಗೇ ಬರುತ್ತಿದ್ದವು.

ಕೊಡೆ

ಮನೆ ಒಡತಿ ಮಗಳ ಮದುವೆಗೆಂದು ಮಡಿಯಲ್ಲಿ ಸಂಡಿಗೆ ಇಟ್ಟು ತಾರಸಿಯ ಮೇಲೆ ಒಣಹಾಕಿದ್ದರು.

"ಮೇಷ್ಟ್ರೇ, ಆ ಮೇಲೆ ಸುತ್ತೋನು ತಿಂದು ಎಂಜಲು ಎಸೆದರೆ?"

"ಇಲ್ಲಿಗೆ ಬೀಳಲ್ಲಮ್ಮ."

"ಬಿದ್ದರೆ ಮನೆ ಖಾಲಿ ಮಾಡ್ತೀರಾ?"

"ಮಾಡ್ತೀನಿ."

ಅವರಿಗೆ ನಂಬಿಕೆ ಬರಲಿಲ್ಲ. ಸಂಡಿಗೆಯ ಮೇಲೆ ಯಜಮಾನರ ದೊಡ್ಡ ಕರಿ ಕೊಡೆ ಬಿಚ್ಚಿಟ್ಟರು. ಮೂರು ದಿನವಾದರೂ ಸಂಡಿಗೆ ಒಣಗಲಿಲ್ಲ. ಅದಕ್ಕೂ ರಷ್ಯಾದವರನ್ನೇ ಬೈದು ಕೊಡೆ ತೆಗೆದರು.

ಸಿಪ್ಪೆ

ಯಜಮಾನರು ಅರಮನೆ ಕಚೇರಿಯಿಂದ ನಿವೃತ್ತರಾದವರು. ಕಾಗದಪತ್ರ ನೋಡದೆ ಏನನ್ನೂ ಒಪ್ಪುವವರಲ್ಲ.

"ಅವನು ಸೆಕೆಂಡಿಗೆ ಐದು ಮೈಲಿ ಓಡ್ತಿರ್ತಾನೆ ರಾಯರೇ. ಎಸೆದದ್ದೂ ಅದೇ ಓಟದಲ್ಲಿ ಜೊತೆಗೇ ಹೋಗುತ್ತೆ," ಎಂದೆ.

"ಹಂಗಾದ್ರೆ ಬಸ್ಸಿನಿಂದ ಎಸೆದ ಸಿಪ್ಪೆ ಬಸ್ಸಿನ ಜೊತೆ ಬರುತ್ತೇನ್ರೀ?"

"ಸ್ವಲ್ಪ ದೂರ ಬರುತ್ತೆ."

ಮಾರನೆಯ ದಿನ ಯಾದವಗಿರಿಯ ಬಸ್ಸಿನ ಕಿಟಕಿಯಿಂದ ಬಾಳೆಹಣ್ಣಿನ ಸಿಪ್ಪೆ ಎಸೆದು ಪರೀಕ್ಷಿಸಿದರು. ಅದು ಪಕ್ಕದಲ್ಲೇ ಸೈಕಲ್ ತುಳಿಯುತ್ತಿದ್ದ ಪೊಲೀಸಿನವನ ಪೇಟದ ಮೇಲೆ ಬಿತ್ತು. ಸಂಜೆ ಬಂದು ಹೇಳಿದರು: "ನೀವು ಹೇಳಿದ್ದು ಸರಿ ಕಣ್ರೀ. ಸಿಪ್ಪೆ ಸ್ವಲ್ಪ ದೂರ ಬಂತು. ಪೊಲೀಸಿನವನು ಮಾತ್ರ ಕೊನೇ ಸ್ಟಾಪಿನವರೆಗೂ ಬಂದ."

ಎಲೆ

ಭಾನುವಾರ ಮಧ್ಯಾಹ್ನ ಕಿರುಚಾಟ ಕೇಳಿ ತಾರಸಿಗೆ ಓಡಿದೆ. ಸಂಡಿಗೆಯ ನಟ್ಟನಡುವೆ ಮುತ್ತುಗದ ಎಲೆಯ ಪೊಟ್ಟಣ, ಅದರಲ್ಲಿ ಕಚ್ಚಿ ಬಿಟ್ಟ ಈರುಳ್ಳಿ ಪಕೋಡ. ಆ ಮನೆಯೊಳಕ್ಕೆ ಈರುಳ್ಳಿ ಕಾಲಿಟ್ಟದ್ದೇ ಇಲ್ಲ.

"ಬೀಳಲ್ಲ ಅಂದ್ರಲ್ಲ! ಮಡಿ ಸಂಡಿಗೆ ಹಾಳಾಗೋಯ್ತು. ಇವತ್ತೇ ಖಾಲಿ ಮಾಡಿ!"

"ರಷ್ಯಾದಲ್ಲಿ ಮುತ್ತುಗದ ಎಲೆ ಸಿಗಲ್ಲಮ್ಮ," ಎಂದೆ.

ಒಡತಿ ಎಲೆ ನೋಡಿದರು. ಆಮೇಲೆ ತಲೆ ಎತ್ತಿ, ತಾರಸಿಯ ಮೇಲಕ್ಕೇ ತೆರೆಯುವ ಅಟ್ಟದ ಕಿಟಕಿ ನೋಡಿದರು. ಅಲ್ಲಿ ಯಜಮಾನರು ಪಂಚೆಯ ತುದಿಯಿಂದ ಮೀಸೆಯ ಎಣ್ಣೆ ಒರೆಸಿಕೊಳ್ಳುತ್ತಿದ್ದರು.

"ಪಕ್ಕದ ಖಾಲಿ ಸೈಟಿಗೆ ಎಸೆದೆ ಕಣೇ," ಎಂದರು.

ಒಡತಿ ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು ಅಟ್ಟದ ಮೆಟ್ಟಿಲು ಹತ್ತಿದರು. ಮನೆ ಖಾಲಿ ಮಾಡುವ ಮಾತು ಮತ್ತೆ ಬರಲಿಲ್ಲ. ಮೆಟ್ಟಿಲ ನಡುವೆ ಒಮ್ಮೆ ನಿಂತು ನನ್ನನ್ನು ಕೇಳಿದರು: "ಹಾಗಾದ್ರೆ ಮೇಲಿರೋನು ನಿಜವಾಗ್ಲೂ ಕೆಳಕ್ಕೆ ಎಸೆದರೆ ಅದು ಎಲ್ಲಿಗ್ರೀ ಹೋಗುತ್ತೆ?"

"ಭೂಮಿಯನ್ನು ಒಂದು ಸುತ್ತು ಹಾಕಿ, ಎಸೆದವನ ಹತ್ತಿರಕ್ಕೇ ವಾಪಸ್ಸು ಬರುತ್ತಮ್ಮ."