ಸುಮಾರು ಎನ್ನದ ಚಿಗವ್ವ

ನಮ್ಮ ಚಿಗವ್ವನ, ಅಂದರೆ ಚಿಕ್ಕಮ್ಮನ, ಎದುರು ನೀವು ಏನು ಬೇಕಾದರೂ ಮಾತಾಡಬಹುದು. ಅವಳ ಸಾರಿಗೆ ರುಚಿಯಿಲ್ಲ ಎಂದು ಹೆಸರಿಡಿ, ನಗುತ್ತಾಳೆ. ಅವಳ ಗಂಡನನ್ನು ಬೈಯಿರಿ, ತಾನೂ ನಾಲ್ಕು ಮಾತು ಸೇರಿಸುತ್ತಾಳೆ. ಆದರೆ ‘ಸುಮಾರು’ ಎಂಬ ಒಂದು ಪದವನ್ನು ಮಾತ್ರ ಬಾಯಿಗೆ ತರಬೇಡಿ. “ಸುಮಾರು ಹತ್ತಕ್ಕ ಬರ್ತೀವಿ” ಎಂದು ಫೋನಿನಲ್ಲಿ ಹೇಳಿದಿರೋ, “ಹತ್ತಕ್ಕ ಬರ್ತೀರೋ, ಹತ್ತೂ ಇಪ್ಪತ್ತಕ್ಕೋ? ಅನ್ನಕ್ಕ ಇಡಾಕಿ ನಾನು” ಎಂಬ ವಿಚಾರಣೆ ಶುರು. “ಮೈಯಾಗ ಸುಮಾರೈತಿ” ಎಂದು ಯಾರಾದರೂ ನರಳಿದರೆ, ಅಯ್ಯೋ ಪಾಪ ಎನ್ನುವುದು ಬಿಟ್ಟು ಥರ್ಮಾಮೀಟರ್ ತರುತ್ತಾಳೆ. ಇಂಥ ಹೆಂಗಸು ತನ್ನ ನಲವತ್ತಾರನೆಯ ವಯಸ್ಸಿನಲ್ಲಿ ಹೋಗಿ ಸೇರಿದ್ದು ಯಾವುದಕ್ಕೆ ಅಂತೀರಿ? ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸಿಗೆ! ಸೇರಿದ್ದು ಸೇರಿದಳು, ಬೇರೆ ಕ್ಲಾಸೇ ಇರಲಿಲ್ಲವೇ? ನನ್ನ ಕ್ಲಾಸಿಗೇ ಸೇರಿದಳು.

ಅಡ್ಮಿಶನ್ ದಿನ ಹೊಸಪೇಟೆಯಿಂದ ಬಸ್ಸು ಹಿಡಿದು ಇಬ್ಬರೂ ಯೂನಿವರ್ಸಿಟಿಗೆ ಹೋದೆವು. ಕೌಂಟರಿನಲ್ಲಿದ್ದ ಗುಮಾಸ್ತರು ತಲೆಯೆತ್ತದೆ, “ಪಾಲಕರು ಹೊರಗ ಕುಂದ್ರಿ, ವಿದ್ಯಾರ್ಥಿ ಒಬ್ರೇ ಬರ್ರಿ” ಎಂದರು. ಚಿಗವ್ವ ನನ್ನ ಭುಜ ಹಿಡಿದು ಹಿಂದಕ್ಕೆ ಸರಿಸಿ, “ಲೇ, ನೀ ಹೊರಗ ಕುಂದ್ರು” ಎಂದು ತಾನು ಒಳಗೆ ನಡೆದಳು. ನಾನೂ ವಿದ್ಯಾರ್ಥಿಯೇ ಎಂದು ಆ ಗುಮಾಸ್ತರಿಗೆ ಮನದಟ್ಟು ಮಾಡಲು ನನಗೆ ಮಧ್ಯಾಹ್ನವಾಯಿತು.

ಯಾಕೆ ಬೇಕಿತ್ತು ಈ ಉಸಾಬರಿ? ಹೇಳುತ್ತೇನೆ. ಚಿಗವ್ವ ಗಾದಿಗನೂರಿನಲ್ಲಿ ಇಪ್ಪತ್ತನಾಲ್ಕು ವರ್ಷ ಅಂಗನವಾಡಿ ಟೀಚರ್ ಆಗಿದ್ದಳು. ತಿಂಗಳಿಗೊಮ್ಮೆ ಊರಿನ ಕೂಸುಗಳನ್ನೆಲ್ಲ ತಕ್ಕಡಿಗೆ ನೇತುಹಾಕಿ ತೂಗುವುದು, ರಿಜಿಸ್ಟರಿನಲ್ಲಿ ಬರೆಯುವುದು, ಮೇಲಕ್ಕೆ ಕಳಿಸುವುದು. ಮೇಲಕ್ಕೆ ಎಂದರೆ ಎಲ್ಲಿಗೆ? ಅದು ಅವಳಿಗೂ ಗೊತ್ತಿರಲಿಲ್ಲ. ಕಳಿಸಿದ ಅಂಕಿ ಒಂದೂ ವಾಪಸ್ ಬಂದು ಇಂಥದಾಯಿತು ಎಂದು ಹೇಳಲಿಲ್ಲ. “ಇಷ್ಟು ವರ್ಷ ತೂಗಿ ತೂಗಿ ಕಳಿಸೀನಿ. ಅವು ಮ್ಯಾಲ ಹೋಗಿ ಏನಾಗ್ತಾವಂತ ನಾನs ಹೋಗಿ ನೋಡಿ ಬರ್ತೀನಿ” ಎಂದು ಒಂದು ದಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಮದುವೆಗೆ ಮುಂಚೆ ಮುಗಿಸಿದ ಬಿ.ಎಸ್ಸಿ. ಸರ್ಟಿಫಿಕೇಟು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇನ್ನೂ ಗರಿಗರಿಯಾಗಿತ್ತು.

ಊರು ಬಾಯಿಗೆ ಸೆರಗು ಹಿಡಿದು ನಕ್ಕಿತು. ಕಾಕಾ, ಅಂದರೆ ಅವಳ ಗಂಡ, ಹೆದ್ದಾರಿಯ ಪಕ್ಕದಲ್ಲಿ ಅದಿರು ಲಾರಿಗಳಿಗೆ ಪಂಕ್ಚರ್ ಹಾಕುವ ಅಂಗಡಿಯವರು, ಭೂಮಿತೂಕದ ಮನುಷ್ಯ. ಎರಡನೆಯ ಸೆಮಿಸ್ಟರಿನಲ್ಲಿ ರಿಗ್ರೆಷನ್ ಎಂಬ ಪೇಪರ್ ಬಂದಾಗ ಹಾಗಂದರೇನು ಎಂದು ಕೇಳಿದರು. ನಾನು ಡಿಕ್ಷನರಿ ನೋಡಿ, “ಹಿಂದಕ್ಕ ಸರಿಯೋದು ಕಾಕಾ” ಎಂದೆ. “ನನ್ನ ಅಂಗಡಿ ಮುಂದ ದಿನಾ ಲಾರಿ ರಿವರ್ಸ್ ಹೊಡೀತಾವ. ಕ್ಲೀನರ್ ಹಿಂದ ನಿಂತು ಬರ್ಲಿ ಬರ್ಲಿ ಅಂತಾನ. ಅದಕ್ಕ ಎಂ.ಎಸ್ಸಿ. ಯಾಕ ಬೇಕು?” ಎಂದರು. ಆಮೇಲೆ ದನಿ ತಗ್ಗಿಸಿ ನನಗಷ್ಟೇ ಕೇಳುವಂತೆ, “ಪಾಸ್ ಮಾಡಿಸವ್ವಾ ಆಕಿನ್ನ. ಇದ್ದ ಕೆಲಸಾನೂ ಬಿಟ್ಟಾಳ. ಫೇಲಾದ್ರ ಈ ಊರಾಗ ತಲಿ ಎತ್ತಿ ತಿರಗಾಂಗಿಲ್ಲ ಆಕಿ” ಎಂದರು. ಚಿಗವ್ವನನ್ನು ಪಾಸು ಮಾಡಿಸುವ ಹೊಣೆ ಹೀಗೆ ನನ್ನ ಹೆಗಲಿಗೆ ಬಿತ್ತು. ನಾನು ಪಾಸಾಗುವ ಹೊಣೆ ಯಾರದ್ದು ಎಂದು ಮಾತ್ರ ಯಾರೂ ಕೇಳಲಿಲ್ಲ.

ಕ್ಲಾಸಿನಲ್ಲಿ ಅವಳದು ಮೊದಲ ಬೆಂಚು. ನನ್ನದು ಅವಳಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರದ್ದು. ರಿಗ್ರೆಷನ್ ಕಲಿಸುವ ಮೇಷ್ಟ್ರು ಮೊದಲ ದಿನ ಬೋರ್ಡಿನ ಮೇಲೆ ಸಮೀಕರಣ ಬರೆದರು. ಎಲ್ಲದರ ಕೊನೆಗೆ ಬಾಲದಂತೆ ಒಂದು ಗ್ರೀಕ್ ಅಕ್ಷರ. ಚಿಗವ್ವ ಕೈ ಎತ್ತಿದಳು.

“ಸರ್, ಆ ಕೊನೇದು ಏನ್ರಿ?”

“ಅದು ಎರರ್. ತಪ್ಪು.”

“ಯಾರ ತಪ್ಪರಿ?”

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. “ಯಾರ ತಪ್ಪೂ ಅಲ್ಲಮ್ಮ. ಅದು ಇದ್ದೇ ಇರುತ್ತೆ.”

“ಅದೆಂಗ್ರಿ ಸರ್? ನಮ್ಮ ರಿಜಿಸ್ಟರದಾಗ ಒಂದು ತಪ್ಪು ಬಂದ್ರ ಮೇಲ್ವಿಚಾರಕಿ ಬಂದು ಯಾರು ಬರದಿದ್ದು ಅಂತ ಹೆಸರು ಕೇಳ್ತಿದ್ರು. ಇಲ್ಲಿ ತಪ್ಪಿಗೆ ಒಂದು ಅಕ್ಷರ ಕೊಟ್ಟು ಖುರ್ಚಿ ಹಾಕಿ ಕುಂದರ್ಸೀರಲ್ಲ.”

ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. ಇಪ್ಪತ್ತು ವರ್ಷದಿಂದ ತಾವು ಆ ಅಕ್ಷರ ಬರೆಯುತ್ತ ಬಂದಿದ್ದರೂ ಯಾರೂ ಹೀಗೆ ಕೇಳಿರಲಿಲ್ಲ ಎಂದು ಆಮೇಲೆ ಸ್ಟಾಫ್ ರೂಮಿನಲ್ಲಿ ಹೇಳಿದರಂತೆ. ಮೆಚ್ಚಿ ಹೇಳಿದರೋ ಸಂಕಟಪಟ್ಟು ಹೇಳಿದರೋ ತಿಳಿಯದು.

ಇನ್ನು ಕ್ಲಾಸಿನವರೆಲ್ಲ ಸೇರಿ ಮಾಡಿದ ಹಂಪಿಯ ಸರ್ವೆ. ದೇವಸ್ಥಾನದ ಬಾಗಿಲಲ್ಲಿ ನಿಂತು, ಹೊರಬರುವ ಪ್ರತಿ ಐದನೆಯವರನ್ನು ನಿಲ್ಲಿಸಿ ಅಭಿಪ್ರಾಯ ಕೇಳಬೇಕು. ನಾವೆಲ್ಲ ಏನು ಮಾಡಿದೆವು? ನಗುಮುಖದವರು ಯಾರು ಬಂದರೋ ಅವರೇ ಐದನೆಯವರು. ಚಿಗವ್ವ ಹಾಗಲ್ಲ. ಬೆರಳು ಮಡಿಚಿ ಎಣಿಸಿದಳು. ಅವಳ ಐದನೆಯವರು ಸಿಕ್ಕಿದ್ದು ತಾಯಿಯ ಹೆಗಲ ಮೇಲೆ, ಗೊರಕೆ ಹೊಡೆಯುತ್ತಿದ್ದ ಕೂಸು. “ಬೇರೆಯವ್ರನ್ನ ಕೇಳು ಚಿಗವ್ವಾ” ಎಂದೆ. “ಐದನೇದು ಇದs ಐತಿ, ನಾ ಏನು ಮಾಡ್ಲಿ?” ಎಂದು ಫಾರಂ ತುಂಬಿಯೇ ತುಂಬಿದಳು. ಹಂಪಿಗೆ ಎಷ್ಟನೆಯ ಭೇಟಿ: ಒಂದು. ಇಷ್ಟವಾದದ್ದು: ನೆರಳು. ಸುಧಾರಣೆಗೆ ಸಲಹೆ: ಗದ್ದಲ ಕಡಿಮೆ ಮಾಡಿರಿ. ವರದಿ ತಿದ್ದಿದ ಮೇಷ್ಟ್ರು ಇಡೀ ಕ್ಲಾಸಿನಲ್ಲಿ ನಂಬಬಹುದಾದ ಉತ್ತರ ಅದೊಂದೇ ಎಂದು ಷರಾ ಬರೆದರು!

ಆದರೆ ಶಾಸ್ತ್ರವೂ ಒಮ್ಮೊಮ್ಮೆ ಕೈ ಕೊಡುತ್ತದೆ. ಕಂಪ್ಲಿಯಲ್ಲಿ ನಮ್ಮ ಬಳಗದ ಒಂದು ತೊಟ್ಟಿಲ ಕಾರ್ಯ. ರೈಸ್ ಮಿಲ್ಲಿನವರ ಮನೆ, ಅಕ್ಕಿಗೆ ಬರವಿಲ್ಲ. ಎಷ್ಟು ಮಂದಿಗೆ ಅಡುಗೆ ಮಾಡಲಿ ಎಂದು ಅಡುಗೆಯವರು ಕೇಳಿದಾಗ ಮನೆಯವರು ಬಾಯಿ ತೆರೆಯುವುದರೊಳಗೆ ಚಿಗವ್ವ ನೋಟ್‌ಬುಕ್ ತೆರೆದಳು. ಹಿಂದಿನ ಆರು ಕಾರ್ಯಗಳಿಗೆ ಹಂಚಿದ ಕಾರ್ಡೆಷ್ಟು, ಎದ್ದ ಎಲೆಗಳೆಷ್ಟು ಎಂದು ಅವರಿವರನ್ನು ಕಾಡಿ ಸಂಗ್ರಹಿಸಿ, ಗೆರೆ ಎಳೆದು, ಗುಣಿಸಿ, ಭಾಗಿಸಿ, ಒಂದು ತಾಸಾದ ಮೇಲೆ ಗಂಭೀರವಾಗಿ ಹೇಳಿದಳು: “ನೂರಕ್ಕ ತೊಂಬತ್ತೈದು ಪಾಲು ಗ್ಯಾರಂಟಿ. ಇನ್ನೂರರಿಂದ ಎಂಟುನೂರು ಮಂದಿ ಒಳಗ ಬರ್ತಾರ.”

ಅಡುಗೆಯವರು ಹೆಗಲ ಮೇಲಿನ ಟವೆಲ್ ಕೊಡವಿಕೊಂಡರು. “ಅದು ನನಗೂ ಗೊತ್ತಿತ್ತಲ್ರೀ ಯಕ್ಕಾ. ಸುಮಾರು ಐನೂರಕ್ಕ ಮಾಡ್ತೀನಿ ಬಿಡ್ರಿ” ಎಂದು ಒಲೆಯ ಕಡೆ ಹೋದರು. ಅಡುಗೆ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಚಿಗವ್ವ ಕಿಟಕಿಯ ಹೊರಗಿನ ಬಾಳೆತೋಟ ನೋಡುತ್ತ, “ನಮ್ಮ ಮೇಷ್ಟ್ರು ಎರಡು ವರ್ಷ ಇಟಗೊಂಡು ಕಲಸೋದೂ ಆ ಅಡಿಗಿಯವ್ರು ಅಂದದ್ದನ್ನs ಅಂತ ಕಾಣಸ್ತೈತಿ” ಎಂದಳು. ಸೋತದ್ದನ್ನು ಅವಳು ಒಪ್ಪಿದ್ದು ನನಗೆ ತಿಳಿದಂತೆ ಅದೊಂದೇ ಸಲ.

ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್. ಚಿಗವ್ವ ಅಂಗನವಾಡಿಯಲ್ಲಿದ್ದಾಗ ಬರೆದದ್ದನ್ನೆಲ್ಲ ತನ್ನದೊಂದು ಉದ್ದ ನೋಟ್‌ಬುಕ್ಕಿನಲ್ಲಿ ನಕಲು ಮಾಡಿಟ್ಟಿದ್ದಳು. ಅದರಿಂದ ನಲವತ್ತು ಕೂಸುಗಳನ್ನು ಆರಿಸಿ, ಹೆಸರು ಬಿಟ್ಟು ಬರೀ ನಂಬರು ಹಾಕಿ, ಎಷ್ಟು ತಿಂಗಳಿಗೆ ಎಷ್ಟು ತೂಕ ಎಂದು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟಳು. ಚುಕ್ಕಿಗಳ ನಡುವೆ ಗೆರೆ ಸೊಗಸಾಗಿ ಏರುತ್ತಿತ್ತು. ಒಂದು ಚುಕ್ಕಿ ಮಾತ್ರ ಗುಂಪಿಗೆ ಸೇರದೆ ಎಲ್ಲೋ ಕೆಳಗೆ ಬಿದ್ದಿತ್ತು. ಹದಿನೇಳನೆಯ ನಂಬರಿನ ಕೂಸು.

“ಇದು ಔಟ್‌ಲೈಯರ್. ತೆಗೆದುಹಾಕಿ” ಎಂದರು ಮೇಷ್ಟ್ರು. “ಈ ವಯಸ್ಸಿಗೆ ಇಂಥ ತೂಕ ಇರೋದಿಲ್ಲ. ಬರೆಯುವಾಗ ತಪ್ಪಾಗಿರುತ್ತೆ.”

“ತಪ್ಪಲ್ರಿ ಸರ್. ಮೂರು ಸಲ ತೂಗೀನಿ.”

“ಇರಲಮ್ಮ. ಇದೊಂದು ಇಡೀ ಗೆರೆಯನ್ನೇ ಕೆಳಗೆ ಜಗ್ಗುತ್ತಿದೆ. ವೈವಾಕ್ಕೆ ಬರುವವರು ಭಾರಿ ಬಿಗಿ, ಮೊದಲು ಇದನ್ನೇ ಹಿಡೀತಾರೆ. ಆಮೇಲೆ ಫೇಲಾದರೆ ನನ್ನ ಕೇಳಬೇಡಿ.”

ಚಿಗವ್ವ ತೆಗೆಯಲಿಲ್ಲ. ನಾನು ಒಂದು ವಾರ ಬೆನ್ನು ಬಿದ್ದೆ. ಕಾಕಾನ ಮುಖ ನೆನಪಿಸಿದೆ, ಊರವರ ನಗೆ ನೆನಪಿಸಿದೆ. “ಒಂದು ಚುಕ್ಕಿ ಚಿಗವ್ವಾ! ರಬ್ಬರ್ ತಗೊಂಡು ಅಳಸಿದ್ರ ಮುಗೀತು. ಆ ಕೂಸು ಈಗ ಎಲ್ಲೈತೋ ಏನೋ. ಐತೋ ಇಲ್ಲೋ. ಅದು ಬಂದು ಕೇಳ್ತೈತೇನು?” ಎಂದೂ ಹೇಳಿದೆ. ಅವಳು ಒಣಗಿದ ಬಟ್ಟೆ ಮಡಿಚುತ್ತಿದ್ದಳು. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ಉಂಡಿಯಿಲ್ಲೋ?” ಎಂದಷ್ಟೇ ಕೇಳಿದಳು.

ವೈವಾ ದಿನ ನನ್ನ ಸರದಿ ಮೊದಲೇ ಮುಗಿದಿತ್ತು. ತೆರೆದ ಬಾಗಿಲಲ್ಲಿ ನಿಂತು, ಚಿಗವ್ವ ಫೇಲಾಗುವುದನ್ನು ಕಣ್ಣಾರೆ ನೋಡಲು ಸಿದ್ಧಳಾದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಪುಟ ತಿರುವಿದವರೇ ಬೆರಳಿಟ್ಟದ್ದು ಅದೇ ಚುಕ್ಕಿಯ ಮೇಲೆ. “ಇದನ್ನೇಕೆ ತೆಗೆಯದೆ ಉಳಿಸಿದ್ದೀರಿ?”

“ಸರ್, ಗೆರಿ ಮ್ಯಾಲ ಇರೋ ಕೂಸುಗಳಿಗೆ ನಾನು ಏನೂ ಮಾಡಿಲ್ರಿ” ಎಂದಳು ಚಿಗವ್ವ. “ತೂಗೀನಿ, ಬರದೀನಿ, ಮನಿಗೆ ಕಳಿಸೀನಿ. ನಾನು ಕೆಲಸ ಅಂತ ಮಾಡಿದ್ದು ಈ ಒಂದಕ್ಕ. ಎಂಟು ತಿಂಗಳು ಮಗ್ಗಲದಾಗ ಹಾಕ್ಕೊಂಡು ಮಲಗೀನಿ, ಉಸಿರಾಡತೈತಿಲ್ಲೋ ಅಂತ ಮೂಗಿಗೆ ಬೆರಳು ಹಿಡೀತಿದ್ದೆ. ಇದನ್ನ ತಗದ್ರ ಇಷ್ಟು ವರ್ಷ ನಾ ಬರೇ ತಕ್ಕಡಿ ಹಿಡದಂಗ ಆತು.”

“ಸರಿ, ಆದರೆ ನಿಯಮ ಅಂತ ಒಂದಿದೆಯಲ್ಲ?”

“ತಗೀರಿ ಅಂದ್ರ ತಗೀತೀನ್ರಿ. ಆದ್ರ ಆಕಿನ್ನ ಒಂದು ಮಾತು ಕೇಳಿ ತಗೀತೀನಿ. ಅಲ್ಲೇ ಬಾಗಲದಾಗ ನಿಂತಾಳ.”

ನಾನು ತಿರುಗಿ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ. ಬರೀ ಕಾರಿಡಾರ್.

ನಾನು ಹುಟ್ಟಿದಾಗ ಅವ್ವನಿಗೆ ಕಾಮಾಲೆಯಾಗಿ, ಕೆಲವು ತಿಂಗಳು ಗಾದಿಗನೂರಿನಲ್ಲಿ ಚಿಗವ್ವನ ಹತ್ತಿರ ಇದ್ದೆ ಎಂಬುದು ಗೊತ್ತಿತ್ತು. ಆಸೆಪಟ್ಟು ಎತ್ತಿಕೊಂಡು ಹೋಗಿದ್ದಳು ಎಂದೇ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ತೂಕದಲ್ಲಿ ಅಷ್ಟು ಕೆಳಗೆ ಬಿದ್ದಿದ್ದೆ ಎಂದು ಒಬ್ಬರೂ ಹೇಳಿರಲಿಲ್ಲ. ಒಂದು ವಾರ ಪೂರ್ತಿ ರಬ್ಬರ್ ಹಿಡಿದು ಅವಳ ಹಿಂದೆ ತಿರುಗಿದವಳು ನಾನೇ. ಇಡೀ ಪದವಿಯನ್ನೇ ಪಣಕ್ಕಿಟ್ಟು ಅವಳು ನನ್ನನ್ನು ಆ ಹಾಳೆಯ ಮೇಲೆ ಉಳಿಸಿಕೊಂಡಿದ್ದಳು. (ಪಾಸಾದಳು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಆದರೆ ಆ ಗಳಿಗೆಯಲ್ಲಿ ಅದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.)

ಪರೀಕ್ಷಕರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. “ಏನಮ್ಮಾ, ತೆಗೆಯೋಣವೇ?”

ತಲೆ ಅಲ್ಲಾಡಿಸಿದೆ. ಮೂಗು, ಕಣ್ಣು ಎಲ್ಲ ಒಟ್ಟಿಗೆ ಸೋರುತ್ತಿದ್ದವು.

ಚಿಗವ್ವ ನನ್ನತ್ತ ಒಮ್ಮೆ ನೋಡಿದಳು. “ಬ್ಯಾಡ ಅಂತಾಳ್ರಿ ಸರ್” ಎಂದು ಮುಂದಿನ ಪುಟ ತಿರುವಿದಳು.